ಮರೆವಿಗೂ ಮೊದಲಿನ ಮೆದುಳು: ಚಿತ್ರಣ ಸಂಶೋಧನೆಯ ತರಬೇತಿ ಮತ್ತು ಹುಬ್ಬಳ್ಳಿ-ಧಾರವಾಡ

ಮನೆಯವರ ಕಣ್ಣಿಗೆ ಮರೆವು ಬೀಳುವ ಹೊತ್ತಿಗೆ ಅಲ್ಜೈಮರ್ ಕಾಯಿಲೆ ಮೆದುಳಿನೊಳಗೆ ಹದಿನೈದು-ಇಪ್ಪತ್ತು ವರ್ಷ ಸದ್ದಿಲ್ಲದೆ ಬೆಳೆದಿರುತ್ತದೆ. ವಂಶವಾಹಿಯ ದೋಷದಿಂದ ಚಿಕ್ಕ ವಯಸ್ಸಿನಲ್ಲೇ ಈ ಕಾಯಿಲೆಗೆ ತುತ್ತಾಗುವ ಕುಟುಂಬಗಳನ್ನು ಅನುಸರಿಸಿದ ಅಂತರರಾಷ್ಟ್ರೀಯ ಅಧ್ಯಯನವೊಂದು 2012ರಲ್ಲಿ ಇದನ್ನು ವರ್ಷಗಳ ಲೆಕ್ಕದಲ್ಲಿ ತೋರಿಸಿಕೊಟ್ಟಿತು. ರೋಗಲಕ್ಷಣ ಶುರುವಾಗಬಹುದಾದ ವಯಸ್ಸಿಗೆ ಸುಮಾರು ಹದಿನೈದು ವರ್ಷ ಮೊದಲೇ ಅವರ ಮೆದುಳಿನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಶೇಖರವಾಗತೊಡಗಿದ್ದು ಸ್ಕ್ಯಾನ್‌ಗಳಲ್ಲಿ ಕಂಡಿತ್ತು.

ನಮ್ಮ ಕಡೆ ನಡೆಯುವುದೇ ಬೇರೆ. ಅಜ್ಜ ಒಂದೇ ಮಾತನ್ನು ಹತ್ತು ಸಲ ಕೇಳಿದರೆ ‘ವಯಸ್ಸಾತು, ಅರಳು ಮರಳು’ ಎಂದು ಬಿಟ್ಟುಬಿಡುತ್ತೇವೆ. ಅಜ್ಜಿ ಸಂತೆಯಿಂದ ಮನೆಯ ದಾರಿ ಮರೆತಾಗ, ಒಲೆಯ ಮೇಲಿಟ್ಟದ್ದು ಸುಟ್ಟು ಕರಕಲಾದಾಗ, ಮಗನನ್ನೇ ‘ಯಾರಪಾ ನೀ?’ ಎಂದು ಕೇಳಿದಾಗ ಆಸ್ಪತ್ರೆಯ ನೆನಪಾಗುತ್ತದೆ. ಆ ಹೊತ್ತಿಗೆ ಉಳಿಸಿಕೊಳ್ಳಬಹುದಾಗಿದ್ದ ಜೀವಕೋಶಗಳಲ್ಲಿ ಎಷ್ಟೋ ಹೋಗಿಬಿಟ್ಟಿರುತ್ತವೆ.

2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇದೆ. ಅಲ್ಜೈಮರ್ ಅದರ ಅತಿ ಸಾಮಾನ್ಯ ರೂಪ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ, ಓದಿದವರಿಗಿಂತ ಓದದವರಲ್ಲಿ ಡಿಮೆನ್ಷಿಯಾದ ಪ್ರಮಾಣ ಹೆಚ್ಚು. ಉತ್ತರ ಕರ್ನಾಟಕದ ಹಳ್ಳಿಯ ಮುದುಕಿಯೊಬ್ಬಳು ಈ ಮೂರೂ ಸಾಲಿನಲ್ಲಿ ನಿಲ್ಲುತ್ತಾಳೆ.

ಹಾಗಾದರೆ ಮರೆವು ಬರುವ ಮೊದಲೇ ಮೆದುಳಿನ ಬದಲಾವಣೆಯನ್ನು ಗುರುತಿಸುವವರು ಯಾರು? ಯಂತ್ರ ಚಿತ್ರ ತೆಗೆಯುತ್ತದೆ. ಅದನ್ನು ಓದಿ, ಅಳೆದು, ಎದುರಿಗಿರುವ ಮನುಷ್ಯನ ನೆನಪಿನ ಜೊತೆ ಹೊಂದಿಸಿ ನೋಡಲು ವರ್ಷಗಟ್ಟಲೆ ಪಳಗಿದ ಸಂಶೋಧಕರು ಬೇಕು. ಅಂಥವರನ್ನು ತಯಾರು ಮಾಡುವ ಹಂತವೇ ಪಿಎಚ್.ಡಿ. ನಂತರದ ತರಬೇತಿ, ರೂಢಿಯ ಮಾತಿನಲ್ಲಿ ಪೋಸ್ಟ್‌ಡಾಕ್. ಆ ತರಬೇತಿ ಎಂಥದ್ದು, ಕರ್ನಾಟಕದಲ್ಲಿ ಅದಕ್ಕೆ ಎಂಥ ನೆಲೆಯಿದೆ, ನಮ್ಮ ಅವಳಿನಗರ ಇದರಲ್ಲಿ ಏನು ಮಾಡಬಲ್ಲದು ಎಂಬುದನ್ನು ಒಟ್ಟಾಗಿ ನೋಡುವುದು ಈ ಲೇಖನದ ಉದ್ದೇಶ.

ಸೂಕ್ಷ್ಮದರ್ಶಕದಿಂದ ಸ್ಕ್ಯಾನ್‌ವರೆಗೆ

ಜರ್ಮನಿಯ ವೈದ್ಯ ಅಲೋಯಿಸ್ ಅಲ್ಜೈಮರ್ 1901ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಔಗುಸ್ಟ ಡೇಟರ್ ಎಂಬ ಮಹಿಳೆಯನ್ನು ಪರೀಕ್ಷಿಸಿದ. ಆಕೆ ತೀರಿಕೊಂಡ ಮೇಲೆ ಮೆದುಳಿನ ತೆಳು ಪದರಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಜೀವಕೋಶಗಳ ಹೊರಗೆ ಗಟ್ಟಿಯಾದ ಕಲೆಗಳನ್ನೂ ಒಳಗೆ ಸಿಕ್ಕುಬಿದ್ದ ಎಳೆಗಳನ್ನೂ ಕಂಡು, 1906ರಲ್ಲಿ ಅದನ್ನು ವಿದ್ವಾಂಸರ ಮುಂದಿಟ್ಟ. ಆ ಕಲೆಗಳು ಅಮಿಲಾಯ್ಡ್, ಆ ಎಳೆಗಳು ಟಾವ್ ಎಂಬ ಪ್ರೋಟೀನಿನವು ಎಂದು ಇಂದು ಗೊತ್ತಿದೆ. ಮುಂದೆ ಸುಮಾರು ನೂರು ವರ್ಷ ಈ ಕಾಯಿಲೆಯನ್ನು ಖಚಿತವಾಗಿ ಹೇಳಲು ರೋಗಿಯ ಸಾವಿನವರೆಗೆ ಕಾಯಬೇಕಿತ್ತು.

ಚಿತ್ರಣ ಈ ಸ್ಥಿತಿಯನ್ನು ಬದಲಿಸಿತು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ವಿಲಿಯಂ ಕ್ಲಂಕ್ ಮತ್ತು ಚೆಸ್ಟರ್ ಮ್ಯಾಥಿಸ್ ಅವರು ಅಮಿಲಾಯ್ಡ್‌ಗೆ ಅಂಟಿಕೊಳ್ಳುವ ವಿಕಿರಣಶೀಲ ರಾಸಾಯನಿಕವೊಂದನ್ನು ರೂಪಿಸಿದರು. 2004ರಲ್ಲಿ ಅದರ ಫಲಿತಾಂಶ ಪ್ರಕಟವಾದಾಗ, ಜೀವಂತ ಮನುಷ್ಯನ ಮೆದುಳಿನಲ್ಲಿ ಅಮಿಲಾಯ್ಡ್ ಎಲ್ಲಿದೆ, ಎಷ್ಟಿದೆ ಎಂದು ಪೆಟ್ ಸ್ಕ್ಯಾನ್‌ನಲ್ಲಿ ನೋಡುವುದು ಸಾಧ್ಯವಾಯಿತು. ಅದೇ ವರ್ಷ ಅಮೆರಿಕದಲ್ಲಿ ಎಡಿಎನ್‌ಐ ಎಂಬ ದೊಡ್ಡ ಚಿತ್ರಣ ಅಧ್ಯಯನ ಆರಂಭವಾಯಿತು. ನೂರಾರು ಜನರ ಸ್ಕ್ಯಾನ್, ರಕ್ತ ಮತ್ತು ನೆನಪಿನ ಪರೀಕ್ಷೆಗಳನ್ನು ವರ್ಷ ವರ್ಷವೂ ಮಾಡಿ, ಆ ಮಾಹಿತಿಯನ್ನು ಜಗತ್ತಿನ ಸಂಶೋಧಕರಿಗೆಲ್ಲ ತೆರೆದಿಟ್ಟದ್ದು ಅದರ ದೊಡ್ಡತನ. ಸರಿಯಾದ ಅರ್ಜಿ ಹಾಕಿದರೆ ಧಾರವಾಡದ ವಿದ್ಯಾರ್ಥಿಗೂ ಅದು ಸಿಗುತ್ತದೆ.

ಔಷಧಿಯ ವಿಷಯದಲ್ಲೂ ಚಿತ್ರಣವೇ ದಾರಿ ತೋರಿಸುತ್ತಿದೆ. ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಅನುಮತಿ ಪಡೆದ ಲೆಕಾನೆಮ್ಯಾಬ್ ಮೆದುಳಿನಿಂದ ಅಮಿಲಾಯ್ಡನ್ನು ತೆಗೆಯುತ್ತದೆ. ಕಾಯಿಲೆಯ ಆರಂಭದಲ್ಲಿದ್ದವರಲ್ಲಿ ಹದಿನೆಂಟು ತಿಂಗಳ ಅವಧಿಯಲ್ಲಿ ಕುಸಿತವನ್ನು ಅದು ಶೇ 27ರಷ್ಟು ನಿಧಾನ ಮಾಡಿತು. ಇದು ವಾಸಿ ಮಾಡುವ ಮದ್ದಲ್ಲ, ಲಾಭವೂ ಸಣ್ಣದು. ಕೆಲವರಲ್ಲಿ ಮೆದುಳು ಊದಿಕೊಳ್ಳುವ, ಸಣ್ಣ ರಕ್ತಸ್ರಾವವಾಗುವ ಅಪಾಯವೂ ಇದೆ. ಹೀಗಾಗಿ ಇದನ್ನು ಕೊಡುವ ಮೊದಲು ಅಮಿಲಾಯ್ಡ್ ಇದೆಯೆಂದು ಖಾತ್ರಿ ಮಾಡಿಕೊಳ್ಳಬೇಕು, ಕೊಡುತ್ತಿರುವಾಗ ಮತ್ತೆ ಮತ್ತೆ ಎಂಆರ್‌ಐ ತೆಗೆಯಬೇಕು. 2025ರ ಮೇ ತಿಂಗಳಲ್ಲಿ ಅಮೆರಿಕ ರಕ್ತ ಪರೀಕ್ಷೆಯೊಂದಕ್ಕೂ ಒಪ್ಪಿಗೆ ಕೊಟ್ಟಿದೆ. ಇಂಥ ಪರೀಕ್ಷೆಗಳು ಅಗ್ಗವಾದರೆ ದುಬಾರಿ ಪೆಟ್ ಸ್ಕ್ಯಾನ್‌ನ ಅಗತ್ಯ ತಗ್ಗೀತು. ಎಂಆರ್‌ಐ ಓದಬಲ್ಲವರ ಅಗತ್ಯ ಮಾತ್ರ ಹೆಚ್ಚುತ್ತಲೇ ಹೋಗುತ್ತದೆ.

ದುಬಾರಿ ಚಿತ್ರ, ಕೈಗೆಟಕುವ ಚಿತ್ರ

ಪೆಟ್ ಸ್ಕ್ಯಾನ್‌ಗೆ ಬೇಕಾದ ವಿಕಿರಣಶೀಲ ವಸ್ತುವನ್ನು ಸೈಕ್ಲೊಟ್ರಾನ್ ಎಂಬ ಯಂತ್ರದಲ್ಲಿ ತಯಾರಿಸುತ್ತಾರೆ. ಮೊದಲು ಬಳಸಿದ ಕಾರ್ಬನ್-11ರ ಅರ್ಧಾಯುಷ್ಯ ಬರೀ 20 ನಿಮಿಷ. ಈಗ ಹೆಚ್ಚಾಗಿ ಬಳಸುವ ಫ್ಲೋರಿನ್-18ರದ್ದು ಸುಮಾರು 110 ನಿಮಿಷ. ಬೆಂಗಳೂರಿನಲ್ಲಿ ತಯಾರಿಸಿ ನಾನೂರು ಕಿಲೋಮೀಟರ್ ರಸ್ತೆಯಲ್ಲಿ ಹುಬ್ಬಳ್ಳಿಗೆ ತಂದರೆ, ಆರು ತಾಸಿನ ಪ್ರಯಾಣದಲ್ಲಿ ಉಳಿಯುವುದು ಸುಮಾರು ಹತ್ತನೇ ಒಂದು ಭಾಗ. ಪೆಟ್ ಸಂಶೋಧನೆ ದೊಡ್ಡ ನಗರಗಳ ಸುತ್ತಲೇ ಬೆಳೆದದ್ದಕ್ಕೆ ಇದೂ ಒಂದು ಕಾರಣ.

ಎಂಆರ್‌ಐಗೆ ಈ ತೊಡಕಿಲ್ಲ. ಅದರಿಂದ ಎಷ್ಟು ತಿಳಿಯಬಹುದು ಎಂಬುದಕ್ಕೆ ಒಂದು ಉದಾಹರಣೆ ನೋಡೋಣ. ಕಿವಿಯ ನೇರಕ್ಕೆ, ಮೆದುಳಿನ ಒಳಬದಿಯಲ್ಲಿ, ಎಡಕ್ಕೊಂದು ಬಲಕ್ಕೊಂದು ಹಿಪ್ಪೊಕ್ಯಾಂಪಸ್ ಎಂಬ ಭಾಗವಿದೆ. ಅಡ್ಡಕೊಯ್ತದಲ್ಲಿ ಕಡಲಕುದುರೆಯಂತೆ ಬಾಗಿದ ಆಕಾರ. ಹೊಸ ನೆನಪುಗಳು ನೆಲೆಗೊಳ್ಳಲು ಇದು ಬೇಕೇಬೇಕು, ಅಲ್ಜೈಮರ್ ಮೊದಲು ಕೈಹಾಕುವ ಜಾಗಗಳಲ್ಲೂ ಇದೊಂದು. ಮುಖಕ್ಕೆ ಸಮಾನಾಂತರವಾಗಿ ಕೊಯ್ದಂತೆ ತೆಗೆದ ಎಂಆರ್‌ಐ ಚಿತ್ರದಲ್ಲಿ ವೈದ್ಯರು ಮೂರು ಸಂಗತಿಗಳನ್ನು ಗಮನಿಸುತ್ತಾರೆ: ಹಿಪ್ಪೊಕ್ಯಾಂಪಸ್ ಪಕ್ಕದ ಸೀಳು ಅಗಲವಾಗಿದೆಯೇ, ಅದಕ್ಕಂಟಿದ ನೀರಿನ ಕುಹರ ಹಿಗ್ಗಿದೆಯೇ, ಹಿಪ್ಪೊಕ್ಯಾಂಪಸ್‌ನ ಎತ್ತರ ತಗ್ಗಿದೆಯೇ. ಇದಿಷ್ಟನ್ನು ನೋಡಿ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುತ್ತಾರೆ. ನೆದರ್‌ಲ್ಯಾಂಡ್ಸ್‌ನ ಫಿಲಿಪ್ ಶೆಲ್ಟೆನ್ಸ್ ಮತ್ತು ಸಂಗಡಿಗರು 1992ರಲ್ಲಿ ರೂಪಿಸಿದ ಅಳತೆಗೋಲು ಇದು. ಸಾಮಾನ್ಯವಾಗಿ 75ರ ಒಳಗಿನವರಲ್ಲಿ ಎರಡು, ಆ ವಯಸ್ಸು ದಾಟಿದವರಲ್ಲಿ ಮೂರು ಅಂಕ ಬಂದರೆ ಎಚ್ಚರಗೊಳ್ಳಬೇಕು. ಇದಕ್ಕೆ ಬೇಕಾದದ್ದು ಜಿಲ್ಲಾ ಕೇಂದ್ರಗಳಲ್ಲೂ ಸಿಗುವ ಮಾಮೂಲಿ ಎಂಆರ್‌ಐ ಯಂತ್ರ, ಪಳಗಿದ ಕಣ್ಣು, ಒಂದೆರಡು ನಿಮಿಷ.

ಒಂದು ಸ್ಕ್ಯಾನ್‌ಗಿಂತ ವರ್ಷ ಬಿಟ್ಟು ತೆಗೆದ ಎರಡನೆಯ ಸ್ಕ್ಯಾನ್ ಹೆಚ್ಚು ಹೇಳುತ್ತದೆ. ಆರೋಗ್ಯವಂತ ವೃದ್ಧರಲ್ಲಿ ಹಿಪ್ಪೊಕ್ಯಾಂಪಸ್ ವರ್ಷಕ್ಕೆ ಸುಮಾರು ಶೇ 1.4ರಷ್ಟು ಕುಗ್ಗಿದರೆ, ಅಲ್ಜೈಮರ್ ರೋಗಿಗಳಲ್ಲಿ ಶೇ 4.7ರಷ್ಟು ಕುಗ್ಗುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2009ರ ವಿಶ್ಲೇಷಣೆಯೊಂದು ಲೆಕ್ಕ ಹಾಕಿದೆ. ಇಷ್ಟು ಸಣ್ಣ ವ್ಯತ್ಯಾಸವನ್ನು ಬರಿಗಣ್ಣಿನಿಂದ ಅಳೆಯಲಾಗದು. ಅದಕ್ಕೆ ಗಣಕಯಂತ್ರವೂ ಅದನ್ನು ಸರಿಯಾಗಿ ಬಳಸುವ ಜ್ಞಾನವೂ ಬೇಕು. ಪೋಸ್ಟ್‌ಡಾಕ್‌ನ ಕೆಲಸ ಶುರುವಾಗುವುದು ಇಲ್ಲಿಂದ.

ಪಿಎಚ್.ಡಿ. ಆದಮೇಲೆ ಕಲಿಯುವುದೇನು?

ಪಿಎಚ್.ಡಿ. ಒಬ್ಬರನ್ನು ಒಂದು ಪ್ರಶ್ನೆಯಲ್ಲಿ ಆಳಕ್ಕೆ ಇಳಿಸುತ್ತದೆ. ಅಲ್ಜೈಮರ್ ಚಿತ್ರಣಕ್ಕೆ ಅಷ್ಟು ಸಾಲದು. ಭೌತಶಾಸ್ತ್ರ ಓದಿದವರಿಗೆ ರೋಗಿಯ ಪರಿಚಯವಿರುವುದಿಲ್ಲ. ಎಂಜಿನಿಯರಿಂಗ್‌ನಿಂದ ಬಂದವರಿಗೆ ಹಿಪ್ಪೊಕ್ಯಾಂಪಸ್ ಎಂದರೆ ಪರದೆಯ ಮೇಲಿನ ಒಂದಷ್ಟು ಚುಕ್ಕಿಗಳು. ಮನಶ್ಶಾಸ್ತ್ರದವರಿಗೆ ಯಂತ್ರದೊಳಗಿನ ಕಾಂತಕ್ಷೇತ್ರ ಅಪರಿಚಿತ. ಎಂ.ಡಿ. ಮಾಡಿದ ವೈದ್ಯರಿಗೆ ಸಂಖ್ಯಾಶಾಸ್ತ್ರಕ್ಕೆ ಪುರುಸೊತ್ತೇ ಸಿಕ್ಕಿರುವುದಿಲ್ಲ. ಈ ನಾಲ್ಕೂ ದಾರಿಯವರು ಎರಡು-ಮೂರು ವರ್ಷ ಒಂದೇ ಕೋಣೆಯಲ್ಲಿ ಕೂತು, ಒಬ್ಬರ ವಿದ್ಯೆಯನ್ನು ಇನ್ನೊಬ್ಬರು ಕಲಿಯುವುದೇ ಒಳ್ಳೆಯ ಪೋಸ್ಟ್‌ಡಾಕ್ ತರಬೇತಿ.

ಕಲಿಯಬೇಕಾದ ಮೊದಲ ಪಾಠ ಚಿತ್ರದ ಗುಣಮಟ್ಟ. ಮರೆವಿನ ಕಾಯಿಲೆ ಇರುವವರು ಯಂತ್ರದ ಕೊಳವೆಯೊಳಗೆ, ಆ ಸದ್ದಿನಲ್ಲಿ, ಅರ್ಧ ತಾಸು ಅಲುಗಾಡದೆ ಮಲಗುವುದು ಕಷ್ಟ. ತಲೆ ಸ್ವಲ್ಪ ಅಲುಗಿದರೂ ಮೆದುಳಿನ ಹೊರಪದರ ಇದ್ದದ್ದಕ್ಕಿಂತ ತೆಳುವಾಗಿ ಕಾಣುತ್ತದೆ. ರೋಗಿಗಳು ಹೆಚ್ಚು ಅಲುಗಾಡುವುದರಿಂದ, ಎಚ್ಚರ ತಪ್ಪಿದ ಸಂಶೋಧಕ ಅಲುಗಾಟವನ್ನೇ ಕಾಯಿಲೆಯೆಂದು ಬರೆದುಬಿಡಬಹುದು.

ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ಇನ್ನೊಂದು ಪಾಠ ಕಾದಿರುತ್ತದೆ. ಒಳಗೆ ಹೋಗುವ ಮುನ್ನ ಲೋಹದ್ದೆಲ್ಲ ತೆಗೆದಿಡಬೇಕು. ನಮ್ಮ ಕಡೆಯ ಹೆಂಗಸರಿಗೆ ಮೂಗುತಿ, ಕಾಲುಂಗುರ, ತಾಳಿ ತೆಗೆಯುವುದು ಸುಲಭದ ಮಾತಲ್ಲ. ‘ಗಂಡ ಇರೂತನಾ ತಾಳಿ ತಗಿಯೂದಿಲ್ರಿ’ ಎಂದು ಎದ್ದು ಹೊರಟರೆ ಅಧ್ಯಯನಕ್ಕೆ ಒಬ್ಬರು ಕಡಿಮೆಯಾದಂತೆ. ಕೊರಳಿಗೆ ಅರಿಶಿನದ ದಾರ ಕಟ್ಟಿಕೊಂಡು ತಾಳಿಯನ್ನು ಸೊಸೆಯ ಕೈಗೆ ಕೊಡಬಹುದು ಎಂದು ಸಮಾಧಾನವಾಗಿ ಹೇಳಬಲ್ಲ ಸಂಶೋಧಕಿ ಇದ್ದರೆ ಕೆಲಸ ಮುಂದೆ ಸಾಗುತ್ತದೆ. ಇದನ್ನು ಯಾವ ಪಠ್ಯಪುಸ್ತಕವೂ ಹೇಳಿಕೊಡುವುದಿಲ್ಲ.

ಎರಡನೆಯದು ಯಂತ್ರಗಳ ನಡುವಿನ ವ್ಯತ್ಯಾಸ. ಬೇರೆ ಬೇರೆ ಕಂಪನಿಯ ಯಂತ್ರಗಳು ಒಬ್ಬರದೇ ಮೆದುಳನ್ನು ತುಸು ಬೇರೆಯಾಗಿ ಅಳೆಯುತ್ತವೆ. ಹಲವು ಆಸ್ಪತ್ರೆಗಳ ಚಿತ್ರಗಳನ್ನು ಒಟ್ಟುಗೂಡಿಸುವಾಗ ಆ ವ್ಯತ್ಯಾಸವನ್ನು ಲೆಕ್ಕದಿಂದ ಕಳೆಯುವ ವಿಧಾನಗಳಿವೆ, ಅವುಗಳಿಗೆ ಮಿತಿಯೂ ಇದೆ.

ಮೂರನೆಯದು ಹೋಲಿಕೆಯ ಮಾದರಿ. ಪ್ರತಿಯೊಂದು ಮೆದುಳನ್ನೂ ಒಂದು ಪ್ರಮಾಣಿತ ಮೆದುಳಿಗೆ ಹೊಂದಿಸಿ ಅಳೆಯುವುದು ರೂಢಿ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕೆನಡಾದ ಮಾಂಟ್ರಿಯಲ್‌ನಲ್ಲಿ 152 ತರುಣ-ತರುಣಿಯರ ಸ್ಕ್ಯಾನ್‌ಗಳಿಂದ ಸಿದ್ಧವಾದ ಮಾದರಿ. ಹೈದರಾಬಾದಿನ ಐಐಐಟಿ ತಂಡ 2019ರಲ್ಲಿ ನೂರು ಭಾರತೀಯರ ಸ್ಕ್ಯಾನ್‌ಗಳಿಂದ ಮಾದರಿ ಕಟ್ಟಿದಾಗ, ನಮ್ಮವರ ಮೆದುಳಿನ ಸರಾಸರಿ ಎತ್ತರ, ಅಗಲ, ಗಾತ್ರ ಪಾಶ್ಚಾತ್ಯರಿಗಿಂತ ಕಡಿಮೆ ಎಂದು ಕಂಡುಬಂತು. ಇದು ಬುದ್ಧಿಯ ಅಳತೆಯಲ್ಲ, ಅಳತೆಗೋಲಿನ ಪ್ರಶ್ನೆ. ಪರದೇಶದ ಅಳತೆಗೋಲು ಹಿಡಿದರೆ ಆರೋಗ್ಯವಂತ ಮೆದುಳೂ ಕುಗ್ಗಿದಂತೆ ಕಾಣುವ ಅಪಾಯವಿದೆ. ಬೆಂಗಳೂರಿನ ನಿಮ್ಹಾನ್ಸ್ ತಂಡವೂ 466 ಸ್ಕ್ಯಾನ್‌ಗಳಿಂದ ವಯಸ್ಸಿಗೆ ತಕ್ಕ ಐದು ಮಾದರಿಗಳನ್ನು ರೂಪಿಸಿದೆ. ಅವು 6ರಿಂದ 60 ವರ್ಷದವರಿಗೆ ಸಂಬಂಧಿಸಿದವು. ಅಲ್ಜೈಮರ್ ಹೆಚ್ಚಾಗಿ ಕಾಣಿಸುವುದೇ ಅರವತ್ತು ದಾಟಿದ ಮೇಲೆ. ಒಬ್ಬ ಪೋಸ್ಟ್‌ಡಾಕ್ ತನ್ನ ಮೂರು ವರ್ಷವನ್ನು ನೆಮ್ಮದಿಯಿಂದ ತೊಡಗಿಸಬಹುದಾದ ಕೆಲಸ ಇಲ್ಲಿ ಎದುರಿಗೇ ಇದೆ.

ನಾಲ್ಕನೆಯದು ಲೆಕ್ಕದ ಪ್ರಾಮಾಣಿಕತೆ. ಅಲ್ಜೈಮರ್ ಪತ್ತೆಯಲ್ಲಿ ಶೇ 99ರಷ್ಟು ನಿಖರತೆ ಸಾಧಿಸಿದೆವು ಎನ್ನುವ ಕೃತಕ ಬುದ್ಧಿಮತ್ತೆಯ ಪ್ರಬಂಧಗಳು ಈಗ ರಾಶಿ ರಾಶಿ ಬರುತ್ತಿವೆ. 2020ರ ಸಮೀಕ್ಷೆಯೊಂದು ಇಂಥ ಪ್ರಬಂಧಗಳನ್ನು ಪರಿಶೀಲಿಸಿ, ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಮಾಹಿತಿ ಸೋರಿಕೆ ಆಗಿರಬಹುದು ಎಂದು ಹೇಳಿತು. ಒಬ್ಬನೇ ರೋಗಿಯ ಕೆಲವು ಚಿತ್ರಗಳನ್ನು ಕಲಿಕೆಗೂ ಉಳಿದವನ್ನು ಪರೀಕ್ಷೆಗೂ ಬಳಸಿದರೆ, ಯಂತ್ರ ಗುರುತಿಸುವುದು ಕಾಯಿಲೆಯನ್ನಲ್ಲ, ಆ ಮನುಷ್ಯನನ್ನು. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ವಿಷಯ ಎತ್ತಿಕೊಳ್ಳುವ ಪ್ರತಿ ಮಾರ್ಗದರ್ಶಕರೂ ಮೊದಲ ದಿನವೇ ಹೇಳಬೇಕಾದ ಮಾತು ಇದು.

ಬೆಂಗಳೂರಿನಿಂದ ಶ್ರೀನಿವಾಸಪುರಕ್ಕೆ

ಈ ವಿದ್ಯೆ ಕಲಿಯಲು ಕನ್ನಡ ನಾಡಿನಲ್ಲಿ ಗಟ್ಟಿ ನೆಲೆಗಳಿವೆ. 1974ರಲ್ಲಿ ರೂಪುಗೊಂಡು 2012ರ ಕಾಯ್ದೆಯಿಂದ ರಾಷ್ಟ್ರೀಯ ಮಹತ್ವದ ಸಂಸ್ಥೆಯಾದ ನಿಮ್ಹಾನ್ಸ್‌ನಲ್ಲಿ ಮರೆವಿನ ಕಾಯಿಲೆಗಳ ಚಿಕಿತ್ಸಾಲಯ, ಪೆಟ್ ಮತ್ತು ಎಂಆರ್‌ಐ ಒಟ್ಟಿಗೇ ತೆಗೆಯುವ ಯಂತ್ರ, 1995ರಿಂದ ನಡೆಯುತ್ತಿರುವ ಮೆದುಳು ಬ್ಯಾಂಕ್ ಇವೆ. ಬದುಕಿದ್ದಾಗ ತೆಗೆದ ಚಿತ್ರವನ್ನು ಸಾವಿನ ನಂತರ ದಾನವಾಗಿ ಬಂದ ಮೆದುಳಿನೊಡನೆ ಹೋಲಿಸುವ ಅವಕಾಶ ಇಡೀ ದೇಶದಲ್ಲೇ ಅಪರೂಪ.

ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಇನ್ನೊಂದು ನೆಲೆ. ಕ್ರಿಸ್ ಗೋಪಾಲಕೃಷ್ಣನ್ ಮತ್ತು ಸುಧಾ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟ್‌ನ ದೇಣಿಗೆಯಿಂದ ಹುಟ್ಟಿದ ಈ ಕೇಂದ್ರವನ್ನು ಕಟ್ಟಿ ಬೆಳೆಸಿದವರು ನರವಿಜ್ಞಾನಿ ವಿಜಯಲಕ್ಷ್ಮಿ ರವೀಂದ್ರನಾಥ್. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಅನುಸರಿಸುವ ಗುರಿಯ ಅಧ್ಯಯನವನ್ನು ಈ ಕೇಂದ್ರ 2018ರಲ್ಲಿ ಆರಂಭಿಸಿತು. ನೆನಪಿನ ಪರೀಕ್ಷೆ, ರಕ್ತ ಪರೀಕ್ಷೆ, ವಂಶವಾಹಿ, ಮೆದುಳಿನ ಎಂಆರ್‌ಐ ಎಲ್ಲವೂ ಇದರಲ್ಲಿ ಸೇರಿವೆ. ಬೆಂಗಳೂರಿನ ನಗರವಾಸಿಗಳ ಮೇಲೆ ಇಂಥದ್ದೇ ಅಧ್ಯಯನ ಟಾಟಾ ಟ್ರಸ್ಟ್ಸ್ ನೆರವಿನಿಂದ ನಡೆದಿದೆ. ಹಳ್ಳಿಯ, ಹೆಚ್ಚು ಓದಿಲ್ಲದ, ಹೊಲದಲ್ಲಿ ದುಡಿದು ಮುದಿಯಾದ ಜನರ ಮೆದುಳಿಗೆ ಹೇಗೆ ವಯಸ್ಸಾಗುತ್ತದೆ ಎಂಬ ಪ್ರಶ್ನೆಗೆ ಶ್ರೀನಿವಾಸಪುರ ಕೊಡುವ ಉತ್ತರವನ್ನು ಎಡಿಎನ್‌ಐನಂಥ ಅಧ್ಯಯನ ಕೊಡಲಾರದು. ಅಲ್ಲಿನವರು ಬಹುಪಾಲು ಚೆನ್ನಾಗಿ ಓದಿದ ಬಿಳಿಯರು.

ಕರ್ನಾಟಕ ಸರ್ಕಾರ 2022ರಲ್ಲಿ ನಿಮ್ಹಾನ್ಸ್ ಜೊತೆಗೂಡಿ ಮೆದುಳು ಆರೋಗ್ಯ ಉಪಕ್ರಮವನ್ನು ಆರಂಭಿಸಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಮೆದುಳು ಚಿಕಿತ್ಸಾಲಯ ತೆರೆಯುವ ದಾರಿ ಹಿಡಿದಿದೆ. ಅಲ್ಲಿ ರೋಗಿಗಳು ಬರುತ್ತಾರೆ. ಅವರಿಂದ ಸಿಗುವ ತಿಳಿವಳಿಕೆಯನ್ನು ವಿಜ್ಞಾನವಾಗಿಸುವ ಕೈಗಳು ಜಿಲ್ಲೆ ಜಿಲ್ಲೆಯಲ್ಲೂ ಬೇಕು.

ಭಾಷೆಯೂ ಒಂದು ಉಪಕರಣ

ಚಿತ್ರ ಎಷ್ಟೇ ಚೆನ್ನಾಗಿದ್ದರೂ ಅದರ ಪಕ್ಕದಲ್ಲಿಡುವ ನೆನಪಿನ ಪರೀಕ್ಷೆ ಸರಿಯಿಲ್ಲದಿದ್ದರೆ ತೀರ್ಮಾನ ದಾರಿ ತಪ್ಪುತ್ತದೆ. ಪಾಶ್ಚಾತ್ಯ ಪರೀಕ್ಷೆಯ ಮೊದಲ ಪ್ರಶ್ನೆಗಳಲ್ಲೊಂದು: ಇದು ಯಾವ ತಿಂಗಳು? ನವಲಗುಂದದ ಕಡೆಯ ಅಜ್ಜಿಯೊಬ್ಬರನ್ನು ‘ಅಜ್ಜಿ, ಈಗ ಯಾವ ತಿಂಗಳ ನಡದೈತ್ರಿ?’ ಎಂದು ಕೇಳಿದರೆ, ‘ಭಾದ್ರಪದಲ್ಲೋ ತಮ್ಮಾ, ಗಣಪತಿ ಕಳಿಸಿ ಎರಡ ದಿನ ಆತು’ ಎಂಬ ಉತ್ತರ ಬರಬಹುದು. ಅಚ್ಚುಕಟ್ಟಾದ, ನಿಖರವಾದ ಉತ್ತರ ಅದು. ಸೆಪ್ಟೆಂಬರ್ ಎಂಬ ಉತ್ತರವನ್ನೇ ಕಾಯುವ ಹಾಳೆಯಲ್ಲಿ ಅದಕ್ಕೆ ಸೊನ್ನೆ. ಎಂದೂ ಪೆನ್ನು ಹಿಡಿಯದವರಿಗೆ ಗಡಿಯಾರ ಬರೆಯಲು ಹೇಳಿದರೂ ಹೀಗೆಯೇ. ಸಂತೆಯಲ್ಲಿ ನೂರರ ನೋಟು ಮುರಿಸಿ ಚಿಲ್ಲರೆ ಎಣಿಸಿಕೊಳ್ಳುವವರು ‘ನೂರರಿಂದ ಏಳೇಳು ಕಳೆಯುತ್ತ ಹೋಗಿ’ ಎಂದಾಗ ತಬ್ಬಿಬ್ಬಾಗುವುದು ಸಹಜ.

ಈ ತೊಡಕನ್ನು ನಮ್ಮ ದೇಶದ ಸಂಶೋಧಕರು ಬೇಗನೆ ಕಂಡುಕೊಂಡರು. ಹರಿಯಾಣದ ಬಲ್ಲಭಗಢದಲ್ಲಿ ಓದಿಲ್ಲದ ವೃದ್ಧರಿಗಾಗಿ ಹಿಂದಿಯ ಪರೀಕ್ಷೆಯೊಂದು 1990ರ ದಶಕದಲ್ಲೇ ಸಿದ್ಧವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೇತೃತ್ವದಲ್ಲಿ ರೂಪುಗೊಂಡ ಪರೀಕ್ಷೆಗಳ ಗುಚ್ಛ ಹಿಂದಿ, ಬಂಗಾಳಿ, ತೆಲುಗು, ಮಲಯಾಳಂ ಜೊತೆ ಕನ್ನಡದಲ್ಲೂ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕನ್ನಡದ ಮಾತು-ಭಾಷೆಯ ಪರೀಕ್ಷೆಗಳ ಮೇಲೆ ದಶಕಗಳಿಂದ ದುಡಿದಿದೆ. ಇವುಗಳನ್ನು ಉತ್ತರ ಕರ್ನಾಟಕದ ಆಡುಮಾತಿಗೆ, ಇಲ್ಲಿನ ಬದುಕಿಗೆ ಒಗ್ಗಿಸಿ ಪರಿಶೀಲಿಸುವುದು ಇಲ್ಲಿಯವರೇ ಮಾಡಬೇಕಾದ ಸಂಶೋಧನೆ.

ಇದರ ಜೊತೆ ಅವಳಿನಗರಕ್ಕೆ ಒಂದು ವಿಶೇಷ ಅನುಕೂಲವಿದೆ. ಈಗ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ಫಲಿತಾಂಶ ಜಗತ್ತಿನ ಗಮನ ಸೆಳೆಯಿತು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆಯ ಲಕ್ಷಣಗಳು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿದ್ದವು, ಓದು ಬಾರದವರಲ್ಲೂ ಈ ಲಾಭ ಕಂಡಿತ್ತು. ಇದು ಆಸ್ಪತ್ರೆಗೆ ಬಂದವರ ಅಧ್ಯಯನ, ಎಲ್ಲ ಊರುಗಳ ಫಲಿತಾಂಶವೂ ಒಂದೇ ತೆರನಾಗಿಲ್ಲ, ಚರ್ಚೆ ಮುಂದುವರಿದಿದೆ. ಹುಬ್ಬಳ್ಳಿಯ ಪೇಟೆಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು, ಕೊಂಕಣಿ, ಮಾರವಾಡಿ ದಿನವಿಡೀ ಕಿವಿಗೆ ಬೀಳುತ್ತವೆ. ಶಾಲೆಯ ಮೆಟ್ಟಿಲು ಹತ್ತದೆ ಮೂರು ಭಾಷೆ ಆಡುವವರು ಇಲ್ಲಿ ಓಣಿಗೊಬ್ಬರು ಸಿಗುತ್ತಾರೆ. ಭಾಷೆ ಮತ್ತು ಮೆದುಳಿನ ನಂಟನ್ನು ಚಿತ್ರಣದ ಮೂಲಕ ಪರೀಕ್ಷಿಸಲು ಇದಕ್ಕಿಂತ ತಕ್ಕ ಊರು ಯಾವುದಿದ್ದೀತು?

ಅವಳಿನಗರದಲ್ಲಿ ಇರುವುದು ಮತ್ತು ಬೇಕಾದದ್ದು

ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಎಲ್ಲರ ಬಾಯಲ್ಲಿರುವಂತೆ ಡಿಮ್ಹಾನ್ಸ್, 1845ರಷ್ಟು ಹಿಂದಿನ ಮಾನಸಿಕ ಆಸ್ಪತ್ರೆಯಿಂದ ಬೆಳೆದು ಬಂದದ್ದು. ಜನ ಈಗಲೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು 1957ರದ್ದು; ಸುತ್ತಲಿನ ಜಿಲ್ಲೆಗಳ ಬಡರೋಗಿಗಳು ಬರುವುದು ಅಲ್ಲಿಗೇ. ಸತ್ತೂರಿನಲ್ಲಿ ಎಸ್‌ಡಿಎಂ ವೈದ್ಯಕೀಯ ಕಾಲೇಜಿದೆ. ಕರ್ನಾಟಕ ವಿಶ್ವವಿದ್ಯಾಲಯ ಇರುವುದರಿಂದ ಭೌತಶಾಸ್ತ್ರ, ಸಂಖ್ಯಾಶಾಸ್ತ್ರ, ಮನಶ್ಶಾಸ್ತ್ರ, ಸಮಾಜಕಾರ್ಯ, ಭಾಷಾಶಾಸ್ತ್ರದವರು ಒಂದೇ ಗುಡ್ಡದ ಮೇಲೆ ಸಿಗುತ್ತಾರೆ. 2015ರಲ್ಲಿ ಐಐಐಟಿ, 2016ರಲ್ಲಿ ಐಐಟಿ ಬಂದಮೇಲೆ ಚಿತ್ರ ಸಂಸ್ಕರಣೆ, ಮಾತಿನ ವಿಶ್ಲೇಷಣೆ, ಯಂತ್ರಕಲಿಕೆಯ ಪರಿಣತರೂ ಇಲ್ಲೇ ಇದ್ದಾರೆ. ಈ ಎಲ್ಲ ಆವರಣಗಳೂ ಒಂದು ತಾಸಿನ ಹಾದಿಯೊಳಗಿವೆ.

ಇವುಗಳನ್ನು ಬೆಸೆಯಬಲ್ಲವರು ಪೋಸ್ಟ್‌ಡಾಕ್‌ಗಳೇ. ಪ್ರಾಧ್ಯಾಪಕರಿಗೆ ಪಾಠ, ಸಭೆ. ವೈದ್ಯರಿಗೆ ಹೊರರೋಗಿಗಳ ಸಾಲು. ಬೆಳಿಗ್ಗೆ ಡಿಮ್ಹಾನ್ಸ್‌ನಲ್ಲಿ ರೋಗಿಯ ಜೊತೆ ಕೂತು, ಮಧ್ಯಾಹ್ನ ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ನೋಡಿ, ಮರುದಿನ ಐಐಟಿಯಲ್ಲಿ ಅದರ ಲೆಕ್ಕ ಮಾಡಬಲ್ಲ ಬಿಡುವು ಇರುವುದು ಅವರಿಗೆ ಮಾತ್ರ. ಹಾಗಾಗಿ ನನ್ನ ಸಲಹೆ ಇಷ್ಟು: ಈ ಸಂಸ್ಥೆಗಳು ಜಂಟಿಯಾಗಿ ಮೂರು ವರ್ಷದ ಕೆಲವೇ ಪೋಸ್ಟ್‌ಡಾಕ್ ಹುದ್ದೆಗಳನ್ನು ತೆರೆಯಲಿ. ಪ್ರತಿಯೊಬ್ಬರಿಗೂ ಒಬ್ಬ ವೈದ್ಯ, ಒಬ್ಬ ಎಂಜಿನಿಯರ್ ಅಥವಾ ಭೌತವಿಜ್ಞಾನಿ ಹೀಗೆ ಇಬ್ಬರು ಮಾರ್ಗದರ್ಶಕರಿರಲಿ. ಮೊದಲ ಆರು ತಿಂಗಳು ನಿಮ್ಹಾನ್ಸ್ ಅಥವಾ ವಿಜ್ಞಾನ ಸಂಸ್ಥೆಯ ಕೇಂದ್ರದಲ್ಲಿ ಕಲಿತು ಬರಲಿ. ಆಮೇಲೆ ಧಾರವಾಡ ಸುತ್ತಲಿನ ಕೆಲವು ಹಳ್ಳಿಗಳಲ್ಲಿ ಐವತ್ತು ದಾಟಿದವರ ಒಂದು ಗುಂಪನ್ನು ಹತ್ತು ವರ್ಷ ಅನುಸರಿಸುವ ಅಧ್ಯಯನವನ್ನು ಅವರೇ ಕಟ್ಟಲಿ. ಒಬ್ಬರ ಅವಧಿ ಮುಗಿದಾಗ ಇನ್ನೊಬ್ಬರು ಕೈಹಿಡಿಯಲಿ.

ಹಣದ ದಾರಿಗಳೂ ಇವೆ. ರಾಷ್ಟ್ರೀಯ ಪೋಸ್ಟ್‌ಡಾಕ್ ಫೆಲೋಶಿಪ್ ಎರಡು ವರ್ಷದ್ದು, ಅರ್ಜಿದಾರರಿಗೆ 35ರ ವಯೋಮಿತಿ, ಮಹಿಳೆಯರಿಗೂ ಮೀಸಲು ವರ್ಗದವರಿಗೂ ಸಡಿಲಿಕೆ. ವೈದ್ಯಕೀಯ ಸಂಶೋಧನಾ ಮಂಡಳಿ, ಜೈವಿಕ ತಂತ್ರಜ್ಞಾನ ಇಲಾಖೆ, ಇಂಡಿಯಾ ಅಲಯನ್ಸ್, ವಿಜ್ಞಾನ-ತಂತ್ರಜ್ಞಾನ ಇಲಾಖೆಯ ಅರಿವಿನ ವಿಜ್ಞಾನ ಕಾರ್ಯಕ್ರಮ ಇವೆಲ್ಲ ಕೇಳಬಹುದಾದ ಬಾಗಿಲುಗಳು. ಹೊರದೇಶದ ಕನಸಿರುವವರು ಒಂದು ಸಂಗತಿ ತಿಳಿದಿರಬೇಕು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಟಿ32 ತರಬೇತಿ ಅನುದಾನದ ಜಾಗಗಳು ಅಲ್ಲಿನ ನಾಗರಿಕರಿಗೂ ಕಾಯಂ ನಿವಾಸಿಗಳಿಗೂ ಮೀಸಲು. ನಮ್ಮವರು ಪ್ರಾಧ್ಯಾಪಕರ ಸ್ವಂತ ಯೋಜನೆಗಳ ಹಣದಿಂದ ಹೋಗಬೇಕಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಡಬ್ಲಿನ್‌ನಲ್ಲಿರುವ ಜಾಗತಿಕ ಮೆದುಳು ಆರೋಗ್ಯ ಸಂಸ್ಥೆಯ ಫೆಲೋಶಿಪ್ ಎಲ್ಲ ದೇಶದವರಿಗೂ ತೆರೆದಿದೆ.

ಹಣಕ್ಕಿಂತ ದೊಡ್ಡ ಅಡ್ಡಿ ಅನಿಶ್ಚಿತತೆ. ಮೂವತ್ತರ ಆಸುಪಾಸಿನಲ್ಲಿ, ಮದುವೆ, ಮಗು, ಅಪ್ಪ-ಅಮ್ಮನ ಆರೈಕೆ ಎಲ್ಲ ಒಟ್ಟಿಗೇ ಬರುವ ಕಾಲದಲ್ಲಿ, ಎರಡು ವರ್ಷದ ಗುತ್ತಿಗೆಯ ಕೆಲಸಕ್ಕೆ ಊರು ಬಿಟ್ಟು ಹೋಗುವುದು ಹೆಣ್ಣುಮಕ್ಕಳಿಗೆ ಇನ್ನಷ್ಟು ಕಷ್ಟ. ಪಿಎಚ್.ಡಿ. ಮುಗಿಸಿದ ಎಷ್ಟೋ ಪ್ರತಿಭಾವಂತೆಯರು ಇಲ್ಲಿಯೇ ಸಂಶೋಧನೆಯಿಂದ ಹೊರಬೀಳುತ್ತಾರೆ. ಹುಬ್ಬಳ್ಳಿ-ಧಾರವಾಡದಲ್ಲೇ ಒಳ್ಳೆಯ ಹುದ್ದೆ, ಸಮಯಕ್ಕೆ ಸರಿಯಾಗಿ ಕೈಸೇರುವ ಫೆಲೋಶಿಪ್, ಹೆರಿಗೆ ರಜೆ, ಮುಂದಿನ ದಾರಿಯ ಭರವಸೆ ಇದ್ದರೆ ಅವರು ಉಳಿಯುತ್ತಾರೆ.

ಹೇಳುವುದಕ್ಕೂ ತರಬೇತಿ ಬೇಕು

ಆರೋಗ್ಯವಾಗಿ ಓಡಾಡುತ್ತಿರುವ ಐವತ್ತೈದರ ಮೇಷ್ಟರೊಬ್ಬರ ಸ್ಕ್ಯಾನ್‌ನಲ್ಲಿ ಅಮಿಲಾಯ್ಡ್ ಕಂಡಿತು ಎನ್ನಿ. ಅವರಿಗೆ ಹೇಳಬೇಕೇ? ಅಮಿಲಾಯ್ಡ್ ಇದ್ದವರಿಗೆಲ್ಲ ಮರೆವು ಬರುವುದಿಲ್ಲ. ಬರುವುದಿದ್ದರೂ ಯಾವಾಗ ಎಂದು ಹೇಳಲಾಗದು. ಸುದ್ದಿ ಹೊರಬಿದ್ದರೆ ಕೆಲಸ, ಮಗಳ ಮದುವೆ, ಆಸ್ತಿಯ ಪಾಲು ಎಲ್ಲದರ ಮೇಲೂ ಅದರ ನೆರಳು ಬೀಳುತ್ತದೆ. ಒಪ್ಪಿಗೆ ಪಡೆಯುವಾಗಲೇ ಫಲಿತಾಂಶ ತಿಳಿಯಬೇಕೇ ಬೇಡವೇ ಎಂದು ಕನ್ನಡದಲ್ಲಿ ಬಿಡಿಸಿ ಕೇಳುವುದು, ‘ಬೇಡ’ ಎಂದವರ ಮಾತನ್ನು ಗೌರವಿಸುವುದು, ಮನೆಯವರ ಒತ್ತಡದಿಂದ ರೋಗಿಯ ಹಕ್ಕನ್ನು ಕಾಪಾಡುವುದು ಸಂಶೋಧಕರ ತರಬೇತಿಯ ಭಾಗವಾಗಬೇಕು.

ಎಂಆರ್‌ಐಯ ಮೊದಲ ಉಪಯೋಗವನ್ನೂ ಮರೆಯಬಾರದು. ಮರೆವೆಲ್ಲ ಅಲ್ಜೈಮರ್ ಅಲ್ಲ. ಬಿದ್ದು ತಲೆಗೆ ಪೆಟ್ಟಾಗಿ ನಿಧಾನಕ್ಕೆ ಹೆಪ್ಪುಗಟ್ಟಿದ ರಕ್ತ, ಮೆದುಳಿನಲ್ಲಿ ನೀರು ತುಂಬಿಕೊಳ್ಳುವುದು, ಗಡ್ಡೆ ಇವೆಲ್ಲ ಸ್ಕ್ಯಾನ್‌ನಲ್ಲಿ ಕಾಣುತ್ತವೆ, ಚಿಕಿತ್ಸೆಗೂ ಒಗ್ಗುತ್ತವೆ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಯೂ ಮರೆವಿನಂತೆಯೇ ಕಾಣಿಸುತ್ತವೆ. ಅವುಗಳನ್ನು ಗುರುತಿಸಿದರೆ ಅಜ್ಜಿ ಮತ್ತೆ ಮೊದಲಿನಂತಾಗಬಹುದು. ಜೊತೆಗೆ, 2024ರ ಲ್ಯಾನ್ಸೆಟ್ ಆಯೋಗದ ಪ್ರಕಾರ ಜಗತ್ತಿನ ಡಿಮೆನ್ಷಿಯಾದಲ್ಲಿ ಸುಮಾರು ಶೇ 45ರಷ್ಟಕ್ಕೆ ತಿದ್ದಬಹುದಾದ ಹದಿನಾಲ್ಕು ಕಾರಣಗಳು ಸೇರಿಕೊಂಡಿವೆ. ಕಡಿಮೆ ಓದು, ಕಿವಿ ಮಂದವಾಗುವುದು, ಕಣ್ಣಿನ ದೋಷ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು, ತಲೆಗೆ ಪೆಟ್ಟು, ಒಂಟಿತನ ಅವುಗಳಲ್ಲಿ ಕೆಲವು. ಮುಂಚಿತವಾಗಿ ಗುರುತಿಸುವ ವಿಜ್ಞಾನಕ್ಕೆ ಅರ್ಥ ಬರುವುದು ಈ ಕಾರಣಗಳನ್ನು ತಿದ್ದುವ ಕೆಲಸದ ಜೊತೆ ಸೇರಿದಾಗ.

ಒಟ್ಟಾರೆ ನನ್ನ ತೀರ್ಮಾನ ಸರಳ. ಆರಂಭದ ಅಲ್ಜೈಮರ್ ಅರಿಯಲು ಹುಬ್ಬಳ್ಳಿ-ಧಾರವಾಡ ಕೋಟಿಗಟ್ಟಲೆಯ ಯಂತ್ರಕ್ಕಾಗಿ ಕಾಯುತ್ತ ಕೂರಬೇಕಿಲ್ಲ. ಇರುವ ಎಂಆರ್‌ಐಯನ್ನು ಶಿಸ್ತಿನಿಂದ ತೆಗೆದು, ನಮ್ಮ ಆಡುಮಾತಿನ ನೆನಪಿನ ಪರೀಕ್ಷೆಯೊಡನೆ ಜೋಡಿಸಿ, ಅದೇ ಜನರನ್ನು ವರ್ಷಗಟ್ಟಲೆ ಅನುಸರಿಸಬಲ್ಲ ತರುಣ ಸಂಶೋಧಕರು ಬೇಕು. ಅಂಥವರಿಗೆ ಹುದ್ದೆ ತೆರೆಯುವುದು ಡಿಮ್ಹಾನ್ಸ್, ವೈದ್ಯಕೀಯ ಕಾಲೇಜುಗಳು, ಐಐಟಿ ಮತ್ತು ವಿಶ್ವವಿದ್ಯಾಲಯದ ಮುಖ್ಯಸ್ಥರು ಒಂದು ಮೇಜಿನ ಸುತ್ತ ಕೂತರೆ ಆಗುವ ಕೆಲಸ. ರಾಜ್ಯ ಸರ್ಕಾರ ಅವರನ್ನು ಕೂರಿಸಬೇಕು. ಓದುಗರಲ್ಲಿ ಕೇಳಿಕೊಳ್ಳುವುದೂ ಒಂದಿದೆ. ಮನೆಯ ಹಿರಿಯರು ಒಂದೇ ಮಾತನ್ನು ಮತ್ತೆ ಮತ್ತೆ ಕೇಳತೊಡಗಿದರೆ, ಲೆಕ್ಕದಲ್ಲಿ ತಪ್ಪತೊಡಗಿದರೆ, ಗೊತ್ತಿರುವ ದಾರಿಯಲ್ಲಿ ತಡವರಿಸಿದರೆ, ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬೇಡಿ. ಆ ತಿಂಗಳೇ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.